‘ಎಲ್ಲೆಯಿಲ್ಲದ’ ಸರಿಯಾ, ‘ಅಂಚಿಲ್ಲದ’ ಸರಿಯಾ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಹತ್ತಿರದ ನಮ್ಮೂರ ಹೈಸ್ಕೂಲು ಮಕ್ಕಳಿಗಾಗಿ ವಿಶ್ವದ ಆರಂಭದ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ವಿಶ್ವ ಹೇಗೆ ಶುರುವಾಯಿತು ಎಂಬುದಕ್ಕೆ 1983ರಲ್ಲಿ ಭೌತವಿಜ್ಞಾನಿಗಳಾದ ಜೇಮ್ಸ್ ಹಾರ್ಟಲ್ ಮತ್ತು ಸ್ಟೀಫನ್ ಹಾಕಿಂಗ್ ಮುಂದಿಟ್ಟ ಮಾದರಿಗೆ ‘ನೋ ಬೌಂಡರಿ’ ಎಂದು ಹೆಸರು. ಮೊದಲು ‘ಎಲ್ಲೆಯಿಲ್ಲದ ವಿಶ್ವ’ ಎಂದು ಬರೆದೆ. ಮಗಳು ಓದಿ, “ಅಂದ್ರೆ ಮುಗಿಯೋದೇ ಇಲ್ವಾ ಅಪ್ಪ?” ಎಂದಳು. ಅವಳು ಕೇಳಿದ್ದು ಸರಿ. ಎಲ್ಲೆಯಿಲ್ಲದ ಸಂತೋಷ ಅಂತೀವಲ್ಲ, ಅದು ಅಳತೆಗೆ ಸಿಗದ ಸಂತೋಷ. ಆ ಮಾದರಿ ಹೇಳುವುದು ಬೇರೆ: ಅಳತೆ ಇದೆ, ಅಂಚು ಇಲ್ಲ. ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿ.ಮೀ. ಅಷ್ಟೇ. ಆದರೆ ಎಷ್ಟು ನಡೆದರೂ ನೆಲ ಮುಗಿದು ಕೆಳಗೆ ಬೀಳುವ ಜಾಗವಿಲ್ಲ. ದಕ್ಷಿಣ ಧ್ರುವದಲ್ಲಿ ನಿಂತವರಿಗೆ ಇನ್ನೂ ದಕ್ಷಿಣ ಎಂಬುದಿಲ್ಲ, ಹಾಗಂತ ನೆಲ ಅಲ್ಲಿ ಹರಿದಿಲ್ಲ. ಈ ಮಾದರಿಯಲ್ಲಿ ಶುರುವಿನ ಹತ್ತಿರ ಕಾಲವೂ ಜಾಗದಂತೆಯೇ ಆಗಿಬಿಡುತ್ತದೆ. ‘ಅದಕ್ಕೂ ಮುಂಚೆ ಏನಿತ್ತು’ ಎಂದರೆ ‘ಧ್ರುವಕ್ಕಿಂತ ದಕ್ಷಿಣಕ್ಕೆ ಏನಿದೆ’ ಎಂದು ಕೇಳಿದ ಹಾಗೆ.

ಆರಂಭದ ಆಕಾರ ತೋರಿಸಲು ನಮ್ಮ ಕಡೆಯ ಎರಡು ವಸ್ತು ಸಾಕು. ಮಳೆಗಾಲದ ಕಂಬಳಿಕೊಪ್ಪೆಯ ನೆತ್ತಿ ಚೂಪು. 1970ರಲ್ಲಿ ಹಾಕಿಂಗ್ ಮತ್ತು ಗಣಿತಜ್ಞ ರೋಜರ್ ಪೆನ್‌ರೋಸ್ ಐನ್‌ಸ್ಟೈನರ ಗುರುತ್ವದ ಸಮೀಕರಣದಿಂದ ಕಂಡ ಆರಂಭ ಹಾಗೆ. ಹಿಂದಕ್ಕೆ ಹೋದಂತೆ ಕಿರಿದಾಗಿ, ಮೊನೆಯಿಂದಾಚೆ ಲೆಕ್ಕ ಸಾಗುವುದಿಲ್ಲ. ಅಡಿಕೆ ಹಾಳೆ ಟೊಪ್ಪಿಯ ನೆತ್ತಿಗೆ ಮೊನೆಯೇ ಇಲ್ಲ. ಹಾರ್ಟಲ್-ಹಾಕಿಂಗ್ ಆರಂಭ ಹೀಗೆ. (ಇದಿನ್ನೂ ಪ್ರಸ್ತಾಪವೇ, ಸಾಬೀತಾದದ್ದಲ್ಲ. ಮಕ್ಕಳಿಗೆ ಅದನ್ನೂ ಹೇಳುತ್ತೇನೆ.)

ಅಂದಹಾಗೆ, ಹೀಗೆ ಲೆಕ್ಕ ನಿಂತುಹೋಗುವ ಜಾಗಕ್ಕೆ ಇಂಗ್ಲಿಷಿನಲ್ಲಿ ‘ಸಿಂಗ್ಯುಲಾರಿಟಿ’ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ‘ಏಕತ್ವ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅದು ಎಲ್ಲ ಒಂದಾಗುವ ಅದ್ವೈತದ ಮಾತಾಗುತ್ತದೆ. ಆರಂಭದ ಮಟ್ಟಿಗೆ ‘ಮೊನೆ’ ಸಾಕಲ್ವಾ?

ಮತ್ತೆ ‘ಬೌಂಡರಿ’ ಪದಕ್ಕೆ ಬರುತ್ತೇನೆ. ‘ಗಡಿ’ ಎಂದರೆ ಆಚೆ ಇನ್ನೊಂದು ಊರು ಇರಬೇಕು. ‘ಕೊನೆ’ ಎಂದರೆ ಇಲ್ಲಿನ ಮಕ್ಕಳಿಗೆ ಅಡಿಕೆ ಕೊನೆ (ಗೊನೆ), ಜೊತೆಗೆ ನಾವು ಹೇಳುತ್ತಿರುವುದು ಶುರುವಿನ ಮಾತು. ಹಾಗಾಗಿ ‘ಅಂಚಿಲ್ಲದ’ ಎಂದೇ ನನ್ನ ಮನಸ್ಸು. ಒಂದೇ ಅಳುಕು: ಇಲ್ಲಿ ಅಂಚು ಎಂದರೆ ಮೊದಲು ಗದ್ದೆ ಅಂಚು, ಕಾಲಿಟ್ಟು ನಡೆಯುವ ಮಣ್ಣಿನ ದಾರಿ. ಬಳೆ, ಸಿಂಬೆಯಂಥ ತುದಿಯಿಲ್ಲದ ವಸ್ತುಗಳ ಬಗ್ಗೆ ಹೇಳುವಾಗ ನಿಮ್ಮ ಮನೆಗಳಲ್ಲಿ ಯಾವ ಮಾತು ಬಳಸುತ್ತೀರಿ? ಸಾಗರ, ಹೊಸನಗರ, ಕೊಪ್ಪದ ಕಡೆಯವರು ದಯವಿಟ್ಟು ತಿಳಿಸಿ.