ಸಹಾಯ ಬೇಕು: ರನ್ನಿಂಗ್ ಬ್ಯಾಕ್ ಬೆಲೆ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಬಲ್ಲವರು ದಯವಿಟ್ಟು ತಿಳಿಸಿಕೊಡಿ. ಫ್ರೀ ಏಜೆನ್ಸಿಗೆ ಬಂದ, ಅಂದ್ರೆ ಒಪ್ಪಂದ ಮುಗಿದು ಬೇರೆ ತಂಡ ಸೇರಬಹುದಾದ ರನ್ನಿಂಗ್ ಬ್ಯಾಕ್‌ಗೆ (ಚೆಂಡು ಹಿಡ್ಕೊಂಡು ಓಡೋ ಆಟಗಾರ) ಇಷ್ಟು ದುಡ್ಡು ಕೊಡಬಹುದು ಅಂತ ಏನು ನೋಡಿ ನಿರ್ಧರಿಸ್ತಾರೆ?

2024ರಲ್ಲಿ ಡೆರಿಕ್ ಹೆನ್ರಿಗೆ 30 ವರ್ಷ. ಆ ವಯಸ್ಸಿಗೆ ರನ್ನಿಂಗ್ ಬ್ಯಾಕ್ ಕಥೆ ಮುಗೀತು ಅನ್ನೋದೇ ವಾಡಿಕೆ. ರೇವನ್ಸ್ ತಂಡದವರು 2 ವರ್ಷಕ್ಕೆ 1.6 ಕೋಟಿ ಡಾಲರ್ ಕೊಟ್ಟು ಕರ್ಕೊಂಡ್ರು, ಅವನು ಆ ಸೀಸನ್‌ನಲ್ಲೇ 1,921 ಗಜ ಓಡಿದ. ರೇವನ್ಸ್ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸೋನು) ಲಮಾರ್ ಜಾಕ್ಸನ್ ಚೆಂಡು ತಾನೇ ಇಟ್ಕೊಂಡು ಓಡ್ತಾನೋ, ಹೆನ್ರಿ ಕೈಗೆ ಕೊಡ್ತಾನೋ ಅಂತ ಅಂಚಿನಲ್ಲಿರೋ ಡಿಫೆಂಡರ್ ಅರೆಕ್ಷಣ ತಡೀತಾನಲ್ಲ, ಆ ಸಂದಿಯಲ್ಲೇ ಹೆನ್ರಿ ನುಗ್ಗಿಬಿಡ್ತಿದ್ದ. ಹಾಗಾದ್ರೆ ಬೆಲೆ ಆಟಗಾರನದ್ದೋ, ತಂಡದ್ದೋ? ಸೇಕ್ವಾನ್ ಬಾರ್ಕ್ಲಿನೂ ಅಷ್ಟೇ, ಜೈಂಟ್ಸ್ ಬಿಟ್ಟು ಈಗಲ್ಸ್‌ಗೆ ಹೋದ ಮೊದಲ ವರ್ಷವೇ 2,005 ಗಜ.

ನನಗೆ ಹೆಚ್ಚು ಗೊಂದಲ ಇರೋದು ಮೂರನೇ ಡೌನ್ ಬಗ್ಗೆ (10 ಗಜ ದಾಟೋಕೆ ಸಿಗೋ ನಾಲ್ಕು ಯತ್ನಗಳಲ್ಲಿ ಮೂರನೆಯದು, ಹೆಚ್ಚಾಗಿ ಪಾಸ್ ಎಸೆಯೋದು ಆಗಲೇ). ಪಾಸ್ ಹಿಡಿದಿದ್ದು ಲೆಕ್ಕಕ್ಕೆ ಸಿಗುತ್ತೆ. ಬ್ಲಿಟ್ಜ್ ಬಂದಾಗ, ಅಂದ್ರೆ ಹೆಚ್ಚುವರಿ ಡಿಫೆಂಡರ್‌ಗಳು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದಾಗ, ಅಡ್ಡ ನಿಂತು ಕ್ವಾರ್ಟರ್‌ಬ್ಯಾಕ್‌ನ ಕಾಪಾಡಿದ್ದು ಸ್ಕೋರ್ ಪಟ್ಟಿಯಲ್ಲಿ ಕಾಣೋದೇ ಇಲ್ಲ. ವಿಡಿಯೊ ನೋಡುವಾಗ ಅದನ್ನು ಹೇಗೆ ಗುರುತಿಸ್ತೀರಿ? ಡಿಫೆಂಡರ್ ಮೈಗೆ ತಾಗಿದ ಮೇಲೂ ಓಡಿದ ಗಜಗಳನ್ನು ಎಷ್ಟು ನಂಬಬಹುದು? ಇಡೀ ಹೊರೆ ಹೊರೋನು ಯಾರು, ಇನ್ನೊಬ್ಬನ ಜತೆ ಹಂಚಿಕೊಂಡರೆ ಮಾತ್ರ ಚೆನ್ನಾಗಿ ಆಡೋನು ಯಾರು ಅಂತ ಸಹಿ ಹಾಕಿಸೋ ಮೊದಲೇ ತಿಳಿಯೋ ದಾರಿ ಇದ್ದರೆ ಉದಾಹರಣೆ ಸಮೇತ ಬರೀರಿ.