ಜುನಿಪರ್ ಬೋನ್ಸಾಯ್: ಯಾವ ಕುಂಡ, ಯಾವಾಗ ಬದಲಿಸೋದು? ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಮಲ್ಲೇಶ್ವರದಿಂದ): ಸರ್ ನಮಸ್ಕಾರ. ಸಂಕ್ರಾಂತಿಗೆ ಮಗಳು ಒಂದು ಜುನಿಪರ್ ತಂದುಕೊಟ್ಟಿದ್ದಾಳೆ. ನರ್ಸರಿಯ ಕಪ್ಪು ಕವರಿನಲ್ಲೇ ಇದೆ. ಒಂದೂವರೆ ಅಡಿ ಎತ್ತರ, ಬುಡ ನನ್ನ ಹೆಬ್ಬೆರಳಿಗಿಂತ ಚೂರು ದಪ್ಪ. ಆನ್‌ಲೈನಲ್ಲಿ ನೀಲಿ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇರೋ ಒಂದು ಚಪ್ಪಟೆ ಕುಂಡ ನೋಡಿ ಮನಸೋತಿದ್ದೀನಿ. ಆರ್ಡರ್ ಮಾಡಲಾ? ಈ ಭಾನುವಾರವೇ ಗಿಡ ಅದಕ್ಕೆ ಹಾಕಬಹುದಾ?

ಉತ್ತರ: ನಮಸ್ಕಾರ ಮೇಡಂ. ಭಾನುವಾರಕ್ಕೆ ನನ್ನ ತಕರಾರಿಲ್ಲ, ಕುಂಡಕ್ಕೆ ಇದೆ.

ಜುನಿಪರ್, ಪೈನ್ ಥರದ ಗಿಡಗಳಿಗೆ ಗ್ಲೇಜ್ ಇಲ್ಲದ ಕಂದು, ಬೂದು, ಇಟ್ಟಿಗೆ ಬಣ್ಣದ ಕುಂಡ ಕೊಡೋದು ಜಪಾನಿನವರ ರೂಢಿ. ನೀಲಿ, ಹಸಿರು, ಕೆನೆಬಣ್ಣದ ಗ್ಲೇಜ್ ಎಲ್ಲ ಹೂ ಬಿಡುವ, ಹಣ್ಣು ಬಿಡುವ, ಎಲೆ ಉದುರಿಸುವ ಗಿಡಗಳ ಪಾಲು. ಇದು ಶಾಸ್ತ್ರಕ್ಕಾಗಿ ಮಾಡಿದ ಶಾಸ್ತ್ರ ಅಲ್ಲ. ಹಳೇ ಜುನಿಪರಿನ ಚೆಂದ ಇರೋದು ಅದರ ಕೆಂಪು ತೊಗಟೆಯಲ್ಲಿ, ಅದೇ ಕಾಂಡದಲ್ಲಿ ಬೆಳ್ಳಗೆ ಕಾಣೋ ಒಣಗಿದ ಭಾಗದಲ್ಲಿ. ಹೊಳೆಯೋ ನೀಲಿ ಕುಂಡ ಕೆಳಗಿದ್ರೆ ಕಣ್ಣು ಅಲ್ಲಿಗೇ ಹೋಗುತ್ತೆ. ಹೊರಗಿನ ಗ್ಲೇಜಿಂದ ಗಿಡಕ್ಕೇನೂ ಕೇಡಿಲ್ಲ, ಆದ್ರೆ ಒಳಗೂ ತಳದವರೆಗೂ ಗ್ಲೇಜ್ ಮಾಡಿದ ಕುಂಡ ಬೇಡ.

ಅಳತೆಗೆ ಒಂದು ಲೆಕ್ಕ ಇದೆ. ಗಿಡದ ಎತ್ತರದ ಮೂರರಲ್ಲಿ ಎರಡು ಪಾಲು ಕುಂಡದ ಉದ್ದ, ಬುಡದ ದಪ್ಪದಷ್ಟು ಕುಂಡದ ಆಳ. ನಿಮ್ಮ ಗಿಡಕ್ಕೆ 12 ಇಂಚು ಉದ್ದ, 1 ಇಂಚು ಆಳ ಅಂತಾಯ್ತು. ಆ 1 ಇಂಚನ್ನ ಮಾತ್ರ ನಾನು ಒಪ್ಪಲ್ಲ. ಏಪ್ರಿಲ್ ಬಿಸಿಲಿಗೆ ನಮ್ಮ ತಾರಸಿ ಮೇಲೆ ಅಷ್ಟು ತೆಳು ಕುಂಡದಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಉಳಿಯಲ್ಲ. ಎರಡು, ಎರಡೂವರೆ ಇಂಚು ಇರಲಿ. ಆ ಲೆಕ್ಕ ಪ್ರದರ್ಶನಕ್ಕೆ ಇಡುವ ಗಿಡದ್ದು, ನಿಮ್ಮದು ಇನ್ನೂ ಶಾಲೆಗೆ ಸೇರಿಲ್ಲ.

ಅದಕ್ಕೇ ಈಗ ಬೋನ್ಸಾಯ್ ಕುಂಡವೇ ಬೇಡ ಅಂತೀನಿ. ಅಡುಗೆಮನೆಯಲ್ಲಿ ತರಕಾರಿ ತೊಳೆಯೋ ತೂತಿನ ಪ್ಲಾಸ್ಟಿಕ್ ಬುಟ್ಟಿ ಇರುತ್ತಲ್ಲ, 10–12 ಇಂಚಿನದು, ಅದಕ್ಕೆ ಹಾಕಿ ಎರಡು ವರ್ಷ ಬೆಳೆಸಿ. ಬೇರು ತೂತಿನ ಹತ್ತಿರ ಗಾಳಿಗೆ ಬಂದ ಕೂಡಲೇ ತುದಿ ಒಣಗಿ, ಹಿಂದಿನಿಂದ ಸಣ್ಣ ಬೇರು ಕವಲೊಡೆಯುತ್ತೆ. ಚಪ್ಪಟೆ ಕುಂಡದಲ್ಲಿ ಗಿಡ ಬದುಕೋದು ಆ ಸಣ್ಣ ಬೇರಿನಿಂದ.

ಪ್ರಶ್ನೆ (ಮಲ್ಲೇಶ್ವರ): ಬುಟ್ಟಿನಾ ಸರ್! ಮಗಳು ನಗ್ತಾಳೆ. ಇರಲಿ. ಭಾನುವಾರ ಯಾಕೆ ಸರಿ ಅಂದ್ರಿ?

ಉತ್ತರ: ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಬೆಂಗಳೂರಿನಲ್ಲಿ ಚಳಿ ಇಳೀತಾ ಇರುತ್ತೆ, ಬಿಸಿಲು ಇನ್ನೂ ಏರಿರಲ್ಲ. ಗಿಡದ ತುದಿಗಳು ಕಡುಹಸಿರಿನಿಂದ ತಿಳಿಹಸಿರಿಗೆ ತಿರುಗೋಕೆ ಶುರುವಾಗಿರುತ್ತೆ. ಈಗ ಕತ್ತರಿಸಿದ ಬೇರು ಮಾರ್ಚ್ ಕೊನೆಯ ಝಳ ಬರೋದ್ರೊಳಗೆ ಚಿಗುರಿಕೊಂಡಿರುತ್ತೆ. ಈ ಅವಕಾಶ ತಪ್ಪಿದ್ರೆ ಜೂನ್ ಮಧ್ಯದಲ್ಲಿ, ಎರಡು ಮಳೆ ಬಿದ್ದು ನೆಲ ತಣ್ಣಗಾದ ಮೇಲೆ. ಮಾರ್ಚ್ ನಡುವಿನಿಂದ ಮೇ ಕೊನೆವರೆಗೆ ಜುನಿಪರ್ ಬೇರಿಗೆ ಕೈ ಹಾಕಲೇಬೇಡಿ.

ಇದನ್ನ ನಾನು ಕಲಿತಿದ್ದು ಒಂದು ಗಿಡ ಕೊಂದು. ಇಪ್ಪತ್ತು ವರ್ಷದ ಹಿಂದಿನ ಮಾತು. ಯುಗಾದಿ ರಜೆಯಲ್ಲಿ ಪುರುಸೊತ್ತು ಸಿಕ್ಕಿತು ಅಂತ ನನ್ನ ಮೊದಲ ಜುನಿಪರನ್ನ ಕವರಿಂದ ತೆಗೆದು, ನಲ್ಲಿ ಕೆಳಗೆ ಹಿಡಿದು, ಬೇರನ್ನ ಸೊಪ್ಪು ತೊಳೆದ ಹಾಗೆ ತೊಳೆದು, ಅರ್ಧ ಕತ್ತರಿಸಿ ಹೊಸ ಕುಂಡಕ್ಕೆ ಹಾಕಿದೆ. ಗಿಡ ಹಚ್ಚಗೇ ಇತ್ತು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಜೂನ್ ಮೊದಲ ವಾರ ಒಂದು ರೆಂಬೆ ಮುಟ್ಟಿದೆ, ಒಣ ಕರಿಬೇವಿನ ಹಾಗೆ ಕೈಯಲ್ಲಿ ಪುಡಿಯಾಯ್ತು. ಅದು ಸತ್ತು ಎಷ್ಟೋ ವಾರ ಆಗಿತ್ತು. ಜುನಿಪರ್ ಹಾಗೇನೇ, ಬೇರು ಸತ್ತಮೇಲೂ ಎಲೆ ವಾರಗಟ್ಟಲೆ ಹಸಿರಾಗಿರುತ್ತೆ. “ನಿನ್ನೆವರೆಗೂ ಚೆನ್ನಾಗಿತ್ತು ಸರ್” ಅಂತ ಫೋನ್ ಮಾಡೋರಿಗೆಲ್ಲ ನಾನು ಕೇಳೋದು ಒಂದೇ: ಎರಡು ತಿಂಗಳ ಹಿಂದೆ ಏನು ಮಾಡಿದ್ರಿ?

ಪ್ರಶ್ನೆ (ವಿಜಯನಗರ, ಬೆಂಗಳೂರು): ಗುರುಗಳೇ, ನನ್ನ ಶಿಂಪಾಕು (ಜಪಾನಿನ ಜುನಿಪರ್ ತಳಿ) ಒಂದೇ ಕುಂಡದಲ್ಲಿ ನಾಲ್ಕು ವರ್ಷದಿಂದ ಇದೆ. ಈಚೆಗೆ ನೀರು ಹಾಕಿದ್ರೆ ಮೇಲೇ ನಿಂತು ಅಂಚಿನಿಂದ ಹೊರಗೆ ಹರಿಯುತ್ತೆ. ಬದಲಿಸೋ ಕಾಲ ಬಂತಾ? ಹೇಗೂ ತೆಗೀತೀನಿ, ಜೊತೆಗೇ ರೆಂಬೆ ಕತ್ತರಿಸಿ ತಂತಿ ಸುತ್ತಿ ಶೇಪ್ ಕೊಟ್ಟುಬಿಡಲಾ?

ಉತ್ತರ: ಕಾಲ ಬಂದಿದೆ, ನೀರೇ ಹೇಳ್ತಿದೆ. ಎಳೇ ಗಿಡಕ್ಕೆ ಎರಡು–ಮೂರು ವರ್ಷ, ಮಾಗಿದ ಗಿಡಕ್ಕೆ ನಾಲ್ಕೈದು ವರ್ಷ ಅಂತ ಹೇಳೋದು ವಾಡಿಕೆ. ನಾನು ಕ್ಯಾಲೆಂಡರ್ ನೋಡಲ್ಲ, ನೀರು ಇಳಿಯೋದನ್ನ ನೋಡ್ತೀನಿ. ಬೇರಿನ ಗಡ್ಡೆ ಕುಂಡದ ಅಂಚಿಗಿಂತ ಮೇಲೆದ್ದಿದ್ರೆ ಅದೂ ಒಂದು ಗುರುತು. ನೀರು ಸರಾಗವಾಗಿ ಇಳೀತಿದ್ರೆ ಐದು ವರ್ಷ ಆದ್ರೂ ಗಿಡವನ್ನ ಅದರ ಪಾಡಿಗೆ ಬಿಡಿ.

ಎರಡೂ ಕೆಲಸ ಒಟ್ಟಿಗೆ ಮಾತ್ರ ಖಂಡಿತ ಬೇಡ. ಜುನಿಪರಿನ ಶಕ್ತಿ ಇರೋದು ಎಲೆಯಲ್ಲಿ, ಹೊಸ ಬೇರು ಹುಟ್ಟಿಸೋದೂ ಅದೇ. ಬೇರು ಕತ್ತರಿಸಿದ ವರ್ಷ ತಲೆ ಬೋಳಿಸಬೇಡಿ. ಹಠ ಮಾಡಿ ಬೋಳಿಸಿದ್ರೆ, ಬದುಕಿದ್ರೂ ನುಣುಪಾದ ಹಗ್ಗದಂಥ ಎಲೆ ಬಿಟ್ಟು ಮುಳ್ಳುಮುಳ್ಳಾದ ಬಾಲಎಲೆ ಬಿಡೋಕೆ ಶುರು ಮಾಡುತ್ತೆ. ಶಿಂಪಾಕು ಸಿಟ್ಟು ತೋರಿಸೋದು ಹಾಗೆ. ಅದು ಇಳಿಯೋಕೆ ವರ್ಷಗಳೇ ಬೇಕು.

ತೆಗೆಯೋ ರೀತಿ ಹೇಳ್ತೀನಿ. ಎರಡು ದಿನ ಮೊದಲೇ ನೀರು ಕಡಿಮೆ ಮಾಡಿ, ಒದ್ದೆ ಮಣ್ಣಲ್ಲಿ ಬೇರು ಹರಿಯುತ್ತೆ. ಗಿಡವನ್ನ ಕುಂಡಕ್ಕೆ ಕಟ್ಟಿರೋ ತಂತಿಯನ್ನ ಕೆಳಗಿನಿಂದ ಕತ್ತರಿಸಿ, ಕುಂಡದ ಒಳಗೋಡೆಗೆ ಹಳೇ ಗರಗಸದ ಬ್ಲೇಡ್ ಆಡಿಸಿ, ಬುಡ ಹಿಡಿದು ಮೇಲೆತ್ತಿ. ಚಾಪೆ ಥರ ಹೆಣೆದುಕೊಂಡ ಬೇರು ಕುಂಡದ ಆಕಾರದಲ್ಲೇ ಎದ್ದು ಬರುತ್ತೆ. ಬಿದಿರು ಕಡ್ಡಿಯಿಂದ ಅಂಚಿನಿಂದ ಹೊರಮುಖವಾಗಿ ಬಿಡಿಸ್ತಾ ಬನ್ನಿ, ತಲೆಗೂದಲ ಸಿಕ್ಕು ಬಿಡಿಸೋ ಹಾಗೆ, ಎಳೀಬೇಡಿ. ಬೇರಿನ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳೀ ಪದರ ಕಾಣಬಹುದು. ಹೌಹಾರಬೇಡಿ. ಸಾಮಾನ್ಯವಾಗಿ ಅದು ಬೇರಿಗೆ ಕೇಡು ಮಾಡದ ಶಿಲೀಂಧ್ರ. ಅದಕ್ಕೆ ಅಂತ ಬೇರು ತೊಳೆಯೋದು ಬೇಡ.

ಸುತ್ತಲಿನದು, ತಳದ್ದು ಸೇರಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇರು ತೆಗೀಬೇಡಿ. ನಡುವಿನ ಮಣ್ಣು ಗಟ್ಟಿಯಾಗಿದ್ರೆ ಈ ಸಲ ಒಂದು ಬದಿಯದು ಬಿಡಿಸಿ, ಇನ್ನೊಂದು ಬದಿ ಮುಂದಿನ ಸಲಕ್ಕಿರಲಿ.

ಕೂರಿಸುವಾಗ 2 ಮಿ.ಮೀ. ಅಲ್ಯೂಮಿನಿಯಂ ತಂತಿಯಿಂದ ಬೇರಿನ ಗಡ್ಡೆಯನ್ನ ಕುಂಡಕ್ಕೆ ಕಟ್ಟಿ. ಬುಡ ಹಿಡಿದು ಅಲ್ಲಾಡಿಸಿದ್ರೆ ಕುಂಡವೂ ಜೊತೆಗೆ ಅಲ್ಲಾಡಬೇಕು, ಅಷ್ಟು ಬಿಗಿ. ಹತ್ತು ಜನರಲ್ಲಿ ಎಂಟು ಜನ ಇದನ್ನ ಬಿಡ್ತಾರೆ. ಗಾಳಿಗೆ ಗಿಡ ಓಲಾಡಿದಾಗಲೆಲ್ಲ ಹೊಸ ಬೇರಿನ ಎಳೆ ಮುರಿಯುತ್ತೆ, ಬೈಸಿಕೊಳ್ಳೋದು ಗೊಬ್ಬರ!

ಪ್ರಶ್ನೆ (ವಿಜಯನಗರ): ಮಿಶ್ರಣ ಯಾವುದು ಗುರುಗಳೇ? ಅಕಡಾಮ ರೇಟ್ ಕೇಳಿ ಎದೆ ಝಲ್ ಅಂತು.

ಉತ್ತರ: ಅಕಡಾಮ ಅಂದ್ರೆ ಜಪಾನಿನ ಕಾಂಟೊ ಬಯಲಿನ ಅಗ್ನಿಪರ್ವತದ ಬೂದಿಯಿಂದಾದ ಮಣ್ಣು. ಅಲ್ಲಿ ಅದು ಊರ ಮಣ್ಣು, ನಮಗೆ ಹಡಗಿನಲ್ಲಿ ಬರಬೇಕು. ಅದರ ಜೊತೆ ಪ್ಯೂಮಿಸ್ ಅನ್ನೋ ಹಗುರ ಕಲ್ಲು, ಲಾವಾ ಕಲ್ಲು ಸಮಪಾಲು ಸೇರಿಸೋದು ಹೆಸರುವಾಸಿ ಮಿಶ್ರಣ. ನಾನು ಬಳಸೋದು ಚೆನ್ನಾಗಿ ಸುಟ್ಟ ಇಟ್ಟಿಗೆ ಚೂರು ಎರಡು ಪಾಲು, ಸಿಂಡರ್ ಅಂತ ಸಿಗೋ ಸುಟ್ಟ ಕಲ್ಲಿದ್ದಲಿನ ಕಿಟ್ಟ ಎರಡು ಪಾಲು, ಹಳೇ ಎಲೆಗೊಬ್ಬರ ಅರ್ಧ ಪಾಲು. ಎಲ್ಲಕ್ಕಿಂತ ಮುಖ್ಯ ಜರಡಿ. 2 ಮಿ.ಮೀ.ಗಿಂತ ಸಣ್ಣದು, 6 ಮಿ.ಮೀ.ಗಿಂತ ದೊಡ್ಡದು ಎರಡೂ ಆಚೆಗೆ. ಇಟ್ಟಿಗೆ ಧೂಳು ಒಂದು ಹಿಡಿ ಉಳಿದ್ರೂ ತಳಕ್ಕಿಳಿದು ತೂತು ಮೆತ್ತುತ್ತೆ.

ಬರೀ ಕೆಮ್ಮಣ್ಣು ಯಾಕಾಗಲ್ಲ ಅಂತ ಕೇಳ್ತಾರೆ. ಪಾತ್ರೆ ತೊಳೆಯೋ ಸ್ಪಾಂಜನ್ನ ನೀರಲ್ಲಿ ಅದ್ದಿ ಅಂಗೈ ಮೇಲೆ ಅಡ್ಡಡ್ಡ ಇಡಿ, ತೊಟ್ಟಿಕ್ಕೋದು ನಿಲ್ಲಲಿ. ಈಗ ಅದನ್ನೇ ಉದ್ದುದ್ದ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತೆ. ಸ್ಪಾಂಜ್ ಅದೇ, ಎತ್ತರ ಬೇರೆ. ಚಪ್ಪಟೆ ಕುಂಡ ಅಂದ್ರೆ ಅಡ್ಡ ಮಲಗಿಸಿದ ಸ್ಪಾಂಜ್. ಸಣ್ಣ ಕಣದ ಮಣ್ಣು ಹಾಕಿದ್ರೆ ತಳ ಸದಾ ಕೆಸರು. ಉದ್ದ ನರ್ಸರಿ ಕವರಿನಲ್ಲಿ ಕೆಮ್ಮಣ್ಣಿನಲ್ಲೂ ಬದುಕಿದ ಜುನಿಪರ್ ತೆಳು ಕುಂಡಕ್ಕೆ ಬಂದ ಕೂಡಲೇ ಕೊಳೆಯೋದು ಇದಕ್ಕೇ.

ಪ್ರಶ್ನೆ (ಫ್ರೇಜರ್ ಟೌನ್, ಬೆಂಗಳೂರು): ಪಾಟರಿ ಟೌನ್ ನಮ್ಮನೆ ಹತ್ತಿರವೇ. ಅಲ್ಲಿಂದ ಮಣ್ಣಿನ ತಟ್ಟೆ ಮಾಡಿಸಿ ತೂತು ಹಾಕಿಸಿಕೊಂಡ್ರೆ ನಡೆಯುತ್ತಾ? ತೊಕೊನಾಮೆ ಕುಂಡದಲ್ಲಿ ಅಂಥದ್ದೇನಿದೆ?

ಉತ್ತರ: ಧಾರಾಳವಾಗಿ ನಡೆಯುತ್ತೆ, ತರಬೇತಿ ಹಂತಕ್ಕೆ. ಕಡಿಮೆ ಶಾಖದಲ್ಲಿ ಸುಟ್ಟ ಟೆರಾಕೋಟಾ ನೀರು ಹೀರಿ ಗೋಡೆಯಿಂದ ಆವಿ ಬಿಡುತ್ತೆ, ಬೇರು ತಂಪಾಗಿರುತ್ತೆ, ಆದ್ರೆ ಬೇಗ ಒಣಗುತ್ತೆ. ಬೋರ್ ನೀರು ಹಾಕೋರಿಗೆ ಆರು ತಿಂಗಳಲ್ಲಿ ಹೊರಗೋಡೆ ಮೇಲೆ ಬಿಳೀ ಉಪ್ಪಿನ ಪದರ ಕಾಣುತ್ತೆ. ಮಾಡಿಸುವಾಗ ಮೂರು ಮಾತು ಹೇಳಿ: ತೂತು ಹೆಬ್ಬೆರಳು ತೂರುವಷ್ಟು ದೊಡ್ಡದಿರಲಿ, ಕೆಳಗೆ ಕಾಲಿರಲಿ, ಬಾಯಿ ಒಳಕ್ಕೆ ಬಾಗಿರಬಾರದು. ಬಾಯಿ ಕಿರಿದಾದ ಕುಂಡದಿಂದ ನಾಲ್ಕು ವರ್ಷದ ಬೇರು ತೆಗೆಯೋದು ಅಂದ್ರೆ ಒಂದೋ ಕುಂಡ ಒಡೀಬೇಕು, ಇಲ್ಲಾ ಬೇರು ಕಡೀಬೇಕು. ತರುವ ಮೊದಲು ಒಳಗೆ ಒಂದು ಲೋಟ ನೀರು ಸುರಿದು ನೋಡಿ. ಮೂಲೆಯಲ್ಲಿ ನೀರು ನಿಂತ್ರೆ ವಾಪಸ್ ಕೊಡಿ.

ತೊಕೊನಾಮೆ ಜಪಾನಿನ ಐಚಿ ಪ್ರಾಂತ್ಯದ ಊರು, ಅವರ ಆರು ಪ್ರಾಚೀನ ಕುಂಬಾರಿಕೆ ಕೇಂದ್ರಗಳಲ್ಲಿ ಒಂದು. ಅಲ್ಲಿನ ಕುಂಡ ಹೆಚ್ಚು ಶಾಖದಲ್ಲಿ ಬೆಂದು ಕಲ್ಲಿನಂತಾಗಿರುತ್ತೆ, ಹೆಚ್ಚು ನೀರು ಹೀರಲ್ಲ, ಹಿಮಕ್ಕೂ ಸುಲಭಕ್ಕೆ ಸೀಳಲ್ಲ. ವರ್ಷಗಟ್ಟಲೆ ಕೈಯಾಡಿ ಬರೋ ಮಂದ ಹೊಳಪಿಗೆ ಅಲ್ಲಿ ಬೆಲೆ. ಮಾಗಿದ ಗಿಡಕ್ಕೆ ಒಂದು ಕೊಳ್ಳಿ, ತಪ್ಪಿಲ್ಲ. ಮೂರು ವರ್ಷದ ಗಿಡಕ್ಕೆ ಅದು ಕೂಸಿಗೆ ರೇಷ್ಮೆ ಪಂಚೆ.

ಆಕಾರ ಕೇಳೋರಿಗೆ: ದಪ್ಪ ಬುಡದ, ಒರಟು ಗಿಡಕ್ಕೆ ಚೂಪು ಮೂಲೆಯ ಆಯತ, ಬಳುಕೋ ಗಿಡಕ್ಕೆ ಮೊಟ್ಟೆಯಾಕಾರ, ಕೆಳಕ್ಕೆ ಜೋತುಬೀಳೋ ಗಿಡಕ್ಕೆ ಆಳದ ಕುಂಡ. ಜೋತುಬೀಳೋದಕ್ಕೆ ಆಳ ಯಾಕೆ ಅಂದ್ರೆ ತೂಕ, ಇಲ್ಲದಿದ್ರೆ ಮೊದಲ ಗಾಳಿಗೇ ಮಗುಚಿಕೊಳ್ಳುತ್ತೆ.

ಪ್ರಶ್ನೆ (ಮಡಿಕೇರಿ): ಇಲ್ಲಿ ಜೂನಲ್ಲಿ ಬದಲಿಸಿ ಅಂದ್ರೆ ಗಿಡ ತೇಲಿಹೋಗ್ತದೆ ಸರ್!

ಉತ್ತರ: ನಿಮಗೆ ಜೂನ್ ಬೇಡವೇ ಬೇಡ, ಫೆಬ್ರವರಿಯಲ್ಲೇ ಮುಗಿಸಿ. ತಂಪಿನ ಲೆಕ್ಕದಲ್ಲಿ ಜುನಿಪರಿಗೆ ನಿಮ್ಮೂರು ನಮಗಿಂತ ವಾಸಿ. ಮಳೆ ಹಿಡಿದು ಕೂತಾಗ ಕುಂಡದ ಒಂದು ತುದಿ ಕೆಳಗೆ ಮರದ ತುಂಡು ಕೊಟ್ಟು ಓರೆ ಮಾಡಿ. ಅದೇ ಸ್ಪಾಂಜ್ ಕಥೆ, ಓರೆಯಾದ ಕೂಡಲೇ ಹೆಚ್ಚಿನ ನೀರು ಇಳಿಯುತ್ತೆ.

ಪ್ರಶ್ನೆ (ಮಂಗಳೂರು): ನಾನು ಎರಡು ಜುನಿಪರ್ ಕಳಕೊಂಡೆ. ಮೂರನೇದಕ್ಕೆ ಎಂಥ ಕುಂಡ ತಕೊಳ್ಳಲಿ?

ಉತ್ತರ: ಬೇಜಾರು ಮಾಡ್ಕೊಬೇಡಿ, ಮೂರನೇದು ತರಬೇಡಿ. ರಾತ್ರಿಯೂ ಸೆಕೆ, ಗಾಳಿಯಲ್ಲೆಲ್ಲ ತೇವ, ಕರಾವಳಿಯಲ್ಲಿ ಅದು ಕೊರಗುತ್ತೆ. ನಿಮ್ಮ ಕಟ್ಟಡದ ಬಿರುಕಲ್ಲಿ ಹುಟ್ಟಿದ ಒಂದು ಗೋಳಿ ಗಿಡ ಕಿತ್ತು ತನ್ನಿ, ಐದು ವರ್ಷದಲ್ಲಿ ನಮ್ಮ ಜುನಿಪರ್‌ಗಳನ್ನೆಲ್ಲ ನಾಚಿಸುತ್ತೆ. ಅದಕ್ಕೆ ನೀಲಿ ಗ್ಲೇಜ್ ಕುಂಡವೂ ಒಪ್ಪುತ್ತೆ.

ಪ್ರಶ್ನೆ (ನ್ಯೂಜೆರ್ಸಿ): ಅಣ್ಣಾ, ಇಲ್ಲಿ ಹೊರಗೆ ಹಿಮ. ಜುನಿಪರನ್ನ ಹಾಲ್‌ನಲ್ಲಿ ಕಿಟಕಿ ಪಕ್ಕ ಇಟ್ಟಿದ್ದೀನಿ. ಅಂಗಡಿಯವರೇ ಮೇಲೆ ಕಲ್ಲು ಅಂಟಿಸಿ ಕೊಟ್ಟಿದ್ದಾರೆ. ಫೆಬ್ರವರಿಯಲ್ಲಿ ಕುಂಡ ಬದಲಿಸಲಾ?

ಉತ್ತರ: ಫೆಬ್ರವರಿ ನಮ್ಮ ಲೆಕ್ಕ ತಮ್ಮಾ, ನಿನ್ನದಲ್ಲ. ಅಲ್ಲಿ ಮಾರ್ಚ್ ಕೊನೆ, ಏಪ್ರಿಲ್ ಮೊದಲು, ತುದಿ ತಿಳಿಯಾಗೋಕೆ ಶುರುವಾದಾಗ ಮಾಡು. ಆಮೇಲೂ ಹಿಮ ಬೀಳೋ ರಾತ್ರಿ ಒಳಗಿಡು, ಕತ್ತರಿಸಿದ ಬೇರು ಹೆಪ್ಪುಗಟ್ಟಬಾರದು. ಈಗ ಮೊದಲು ಮಾಡಬೇಕಾದ್ದು ಹಾಲ್‌ನಿಂದ ತೆಗೆಯೋದು. ಹೀಟರ್ ಇರೋ ಮನೆ ಜುನಿಪರಿಗೆ ಆಗಿಬರಲ್ಲ, ಅದಕ್ಕೆ ಚಳಿಗಾಲದ ನಿದ್ದೆ ಬೇಕೇ ಬೇಕು. ಬಿಸಿ ಮಾಡದ ಗ್ಯಾರೇಜಿನಲ್ಲಿಡು, ಮಣ್ಣು ಪೂರ್ತಿ ಒಣಗದ ಹಾಗೆ ನೋಡ್ಕೋ. ಕಲ್ಲನ್ನ ಇವತ್ತೇ ಸ್ಕ್ರೂಡ್ರೈವರಿಂದ ಎಬ್ಬಿಸು. ಆ ಅಂಟಿನ ಕೆಳಗೆ ನೀರು ಇಳೀತಿದೆಯೋ ಇಲ್ಲವೋ ನಿನಗೇ ಗೊತ್ತಿಲ್ಲ.

ಪ್ರಶ್ನೆ (ಮಲ್ಲೇಶ್ವರ): ಸರ್, ಮತ್ತೆ ನಾನೇ. ತೂತಿನ ಬುಟ್ಟಿ ತಂದೆ, ಎಪ್ಪತ್ತು ರೂಪಾಯಿ. ಹಾಕಿದ ಮೇಲೆ ಎಲ್ಲಿಡಲಿ, ಗೊಬ್ಬರ ಯಾವಾಗ?

ಉತ್ತರ: ಕೆಳಗಿನಿಂದ ಬಣ್ಣದ ನೀರು ಹೋಗಿ ತಿಳಿನೀರು ಬರೋವರೆಗೆ ಒಮ್ಮೆ ಚೆನ್ನಾಗಿ ನೀರು ಹಾಕಿ. ಮೂರು ವಾರ ಬೆಳಗಿನ ಬಿಸಿಲು ಮಾತ್ರ ಬೀಳೋ, ಗಾಳಿ ಹೊಡೆಯದ ಜಾಗದಲ್ಲಿಡಿ. ಎಲೆಗೆ ದಿನಾ ಎರಡು ಸಲ ನೀರು ಚಿಮುಕಿಸಿ, ಮಣ್ಣಿಗೆ ಮಾತ್ರ ಮೇಲ್ಪದರ ಒಣಗಿದ ಮೇಲೆ. ಗೊಬ್ಬರ ಆರು ವಾರ ಬೇಡ. ಆಮೇಲೆ ನಿಧಾನಕ್ಕೆ ಪೂರ್ತಿ ಬಿಸಿಲಿಗೆ ತನ್ನಿ, ಮನೆಯೊಳಗೆ ಮಾತ್ರ ಬೇಡ. ಬೇಸಿಗೆಯಲ್ಲಿ ಎಲೆ ಬೂದು ಹಿಡಿದ ಹಾಗೆ ಕಂಡ್ರೆ ಬಿಳೀ ಹಾಳೆ ಹಿಡಿದು ರೆಂಬೆ ತಟ್ಟಿ. ಚುಕ್ಕಿಗಳು ಉದುರಿ ಓಡಾಡಿದ್ರೆ ಅದು ನುಸಿ, ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ.

ಭಾನುವಾರ ಗಿಡ ಹೊರತೆಗೆಯೋ ಮೊದಲು ಮಿಶ್ರಣ ಜರಡಿ ಹಿಡಿದು, ತಂತಿ ಕತ್ತರಿಸಿ, ಬುಟ್ಟಿಗೆ ತೂರಿಸಿ ಸಿದ್ಧ ಇಟ್ಕೊಳ್ಳಿ. ಬೇರು ಗಾಳಿಗೆ ಬಿಟ್ಟು ಇಕ್ಕಳ ಹುಡುಕ್ತಾ ಮನೆಯೆಲ್ಲ ಓಡಾಡೋ ಹಾಗಾಗಬಾರದು. ಕೆಲಸದ ನಡುವೆ ಫೋನ್ ಬಂದ್ರೆ ಬೇರಿನ ಮೇಲೆ ಒಂದು ಒದ್ದೆ ಗೋಣಿಬಟ್ಟೆ ಹೊದಿಸಿ ಹೋಗಿ.