ಪವರ್ ಬ್ಯಾಂಕ್ ಮೇಲೆ ಹಂಪಿಯ ಹಳೇ ಫೋಟೊ: ಬೂದು ಬಣ್ಣ ಹಸಿರಾಗುತ್ತಿದೆ, ಇಂಕ್ ಏಳುತ್ತಿದೆ

ಹೊಸಬೆಳಕು:
ಎಲ್ಲರಿಗೂ ನಮಸ್ಕಾರ. ಛಾಯಾಚಿತ್ರ ಪ್ರದರ್ಶನದಲ್ಲಿ ಮಾರಾಟಕ್ಕಿಡಲು 50 ಪವರ್ ಬ್ಯಾಂಕ್ ಮಾಡಿಸಬೇಕು. 10,000 ಎಂಎಎಚ್, ಕಪ್ಪು ಎಬಿಎಸ್ ಪ್ಲಾಸ್ಟಿಕ್, 140×68 ಮಿ.ಮೀ. ಚಿತ್ರ: 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಯುವಿ ಪ್ರಿಂಟ್ (ಇಂಕನ್ನು ಅತಿನೇರಳೆ ಬೆಳಕಿನಲ್ಲಿ ಗಟ್ಟಿಯಾಗಿಸುವ ಮುದ್ರಣ) ಸ್ಯಾಂಪಲ್ ಬಂದಿದೆ. ಬೂದು ಭಾಗವೆಲ್ಲ ಹಸಿರು ಹೊಡೆಯುತ್ತಿದೆ, ನೆರಳಲ್ಲಿ ವಿವರವೇ ಇಲ್ಲ, ಅಂಚಿನಲ್ಲಿ ಉಗುರು ತಾಗಿದರೆ ಇಂಕ್ ಏಳುತ್ತದೆ. ಸಬ್ಲಿಮೇಷನ್ (ಶಾಖ ಕೊಟ್ಟು ಬಣ್ಣ ಇಳಿಸುವ ಮುದ್ರಣ) ಮಾಡಿಸಿದರೆ ಸರಿಹೋಗುತ್ತದೆಯೇ? ವೈರ್‌ಲೆಸ್ ಮಾದರಿಗೂ ಇದೇ ಚಿತ್ರ ಹಾಕಬಹುದೇ?

ಇಂಕುಗಾರ:
ಯುವಿಯನ್ನೇ ಇಟ್ಟುಕೊಳ್ಳಿ, ತಪ್ಪಿರುವುದು ತಯಾರಿಯಲ್ಲಿ.

ಮೊದಲು ಅಂಚು. ಅಚ್ಚಿನಿಂದ ಬಿಡಿಸಲು ಬಳಸಿದ ಸಿಲಿಕೋನ್ ಜಿಡ್ಡು ಪ್ಲಾಸ್ಟಿಕ್ ಮೇಲೆ ಉಳಿದಿರುತ್ತದೆ, ಕೈ ಜಿಡ್ಡೂ ಸೇರಿಕೊಳ್ಳುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಬೇಕು. ಥಿನ್ನರ್, ಅಸಿಟೋನ್ ಮುಟ್ಟಿಸಲೇಬೇಡಿ, ಎಬಿಎಸ್ ಕರಗುತ್ತದೆ. ಆಮೇಲೆ ಪ್ರೈಮರ್ (ಇಂಕ್ ಹಿಡಿಯಲೆಂದು ಮೊದಲು ಹಚ್ಚುವ ದ್ರವ) ಒಂದೇ ತೆಳು ಪದರ, ಒಣಗಿದ ದಿನವೇ ಪ್ರಿಂಟ್. ಕವಚಕ್ಕೆ ರಬ್ಬರಿನಂಥ ಮೆತ್ತನೆ ಲೇಪವಿದ್ದರೆ ಆ ಮಾದರಿ ಬಿಟ್ಟುಬಿಡಿ. ಇಂಕ್ ಲೇಪಕ್ಕೆ ಗಟ್ಟಿಯಾಗಿ ಹಿಡಿದರೂ ಲೇಪವೇ ಪ್ಲಾಸ್ಟಿಕ್‌ನಿಂದ ಸಿಪ್ಪೆಯಂತೆ ಬರುತ್ತದೆ.

ಅಂಚು ದುಂಡಗಿದ್ದರೆ ಅಲ್ಲಿ ಪ್ರಿಂಟ್ ಹೆಡ್‌ನಿಂದ ಮೇಲ್ಮೈ ದೂರವಾಗುತ್ತದೆ, ಇಂಕ್ ಹನಿಗಳು ಚದುರಿ ಸರಿಯಾಗಿ ಅಂಟುವುದಿಲ್ಲ. ಚಿತ್ರವನ್ನು ಎಲ್ಲ ಕಡೆ 3 ಮಿ.ಮೀ. ಒಳಗೇ ನಿಲ್ಲಿಸಿ. ಉಳಿಯುವುದು 134×62 ಮಿ.ಮೀ., 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 1583×732 ಪಿಕ್ಸೆಲ್.

ಹಸಿರು ಛಾಯೆಗೆ ಕಾರಣ, ಬೂದು ಬಣ್ಣವನ್ನು ಸಯಾನ್, ಮಜೆಂಟಾ, ಹಳದಿ ಸೇರಿಸಿ ಕಟ್ಟಿರುವುದು. ಮೂರರಲ್ಲಿ ಒಂದು ತುಸು ಹೆಚ್ಚುಕಡಿಮೆಯಾದರೂ ಬೂದು ಬೇರೆ ಬಣ್ಣದ ಕಡೆ ಓಲುತ್ತದೆ. ಫೈಲನ್ನು ಗ್ರೇಸ್ಕೇಲ್ ಮಾಡಿ, ಬೂದಿನ ಬಹುಪಾಲು ಕಪ್ಪು ಇಂಕಿನಿಂದಲೇ ಬರುವಂಥ ಪ್ರೊಫೈಲ್ (ಯಾವ ಇಂಕ್ ಎಷ್ಟು ಬೀಳಬೇಕೆಂಬ ಪ್ರಿಂಟರ್ ಸೆಟ್ಟಿಂಗ್) ಕೇಳಿ. ಬರೀ ಕಪ್ಪಿನಲ್ಲಿ ಹೊಡೆದರೆ ಆಕಾಶದಲ್ಲಿ ಚುಕ್ಕೆ ಕಾಣುತ್ತದೆ, ಅದೂ ಬೇಡ. ಕಪ್ಪು ಕವಚವಾದ್ದರಿಂದ ಅಡಿಯಲ್ಲಿ ಬಿಳಿ ಇಂಕ್ ಬೇಕೇ ಬೇಕು. ಆ ಬಿಳಿ ಚಿತ್ರಕ್ಕಿಂತ 0.1 ಮಿ.ಮೀ. ಒಳಗಿರಲಿ, ಇಲ್ಲದಿದ್ದರೆ ಸುತ್ತ ಗೆರೆ ಇಣುಕುತ್ತದೆ. ಫೋಟೊ ತಿದ್ದುವ ತಂತ್ರಾಂಶದ ಲೆವೆಲ್ಸ್‌ನಲ್ಲಿ ಔಟ್‌ಪುಟ್‌ನ ಕಡುಕಪ್ಪನ್ನು 0ರಿಂದ 15ರ ಆಸುಪಾಸಿಗೆ ಎತ್ತಿದರೆ ನೆರಳು ತೆರೆದುಕೊಳ್ಳುತ್ತದೆ. ಶಾರ್ಪನ್ ಮಾತ್ರ ಮಾಡಬೇಡಿ: ಗ್ರೀನ್‌ಲಾ ಬಳಸಿದ್ದು ಕಾಗದದ ನೆಗೆಟಿವ್, ಕಾಗದದ ನಾರು ಎದ್ದು ಕೊಳೆಯಂತೆ ಕಾಣುತ್ತದೆ.

24 ಗಂಟೆ ಬಿಟ್ಟು ಪರೀಕ್ಷೆ: ಬ್ಲೇಡಿನಿಂದ 1 ಮಿ.ಮೀ. ಅಂತರದಲ್ಲಿ ಅಡ್ಡ-ಉದ್ದ ಗೀರಿ, ಟೇಪ್ ಒತ್ತಿ ಥಟ್ಟನೆ ಎಳೆಯಿರಿ. ಚೌಕ ಎದ್ದರೆ ಆ ಬ್ಯಾಚ್ ತಗೋಬೇಡಿ.

ವೋಲ್ಟ್‌ಮೀಟರ್:
ಸಬ್ಲಿಮೇಷನ್ ಸುತರಾಂ ಬೇಡ. ಅದಕ್ಕೆ 180–200 ಡಿಗ್ರಿ ಶಾಖದ ಪ್ರೆಸ್ ಬೇಕು. ಲಿಥಿಯಂ ಸೆಲ್ಲಿನೊಳಗಿನ ಪ್ಲಾಸ್ಟಿಕ್ ಪೊರೆ 130ರ ಹತ್ತಿರವೇ ಕರಗಲು ಶುರುವಾಗುತ್ತದೆ, ಶಾಖ ಇನ್ನೂ ಏರಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಮಾಡಲೇಬೇಕೆಂದರೆ ಲೇಪಿತ ಅಲ್ಯೂಮಿನಿಯಂ ತಗಡಿನ ಮೇಲೆ ಬೇರೆಯಾಗಿ ಅಚ್ಚು ಹಾಕಿ, ತಣ್ಣಗಾದ ಮೇಲೆ ಡಬಲ್ ಟೇಪಿನಿಂದ ಅಂಟಿಸಿ.

ವೈರ್‌ಲೆಸ್ ಮಾದರಿಗೆ ಆ ತಗಡೂ ಆಗದು. ಚಾರ್ಜ್ ಮಾಡುವ ಕಾಯಿಲ್ (ತಂತಿಯ ಸುರುಳಿ) ಎದುರು ಲೋಹ ಬಂದರೆ ಅದರಲ್ಲೇ ಕರೆಂಟ್ ಸುಳಿದು ಕಾಯುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ. ಯುವಿ ಇಂಕಿಗೆ ಆ ತೊಂದರೆ ಇಲ್ಲ, ಆದರೆ ಫೋನ್ ಉಜ್ಜಿ ಸವೆಯುತ್ತದೆ. ಚಿತ್ರ ಕಾಯಿಲ್ ಇಲ್ಲದ ಬದಿಗಿರಲಿ.

ಪವರ್ ಬ್ಯಾಂಕಿನ ಅಡಿಯಲ್ಲಿರುವ ಸಾಮರ್ಥ್ಯದ ಬರಹದ ಮೇಲೆ ಇಂಕಿನ ಒಂದು ಚುಕ್ಕೆಯೂ ಬೀಳಬಾರದು. 10,000 ಎಂಎಎಚ್ × 3.7 ವೋಲ್ಟ್ = 37 ವ್ಯಾಟ್-ಅವರ್. ವಿಮಾನದಲ್ಲಿ 100ರೊಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು, ಆದರೆ ಬರಹ ಓದಲಾಗದಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ನೋಂದಣಿ ಸಂಖ್ಯೆಯೂ ಕಾಣಬೇಕು.

ಹೊಸಬೆಳಕು:
ತುಂಬಾ ಉಪಕಾರವಾಯಿತು. ಅಡ್ಡವಾಗಿ ಹಾಕಲೇ, ನಿಲ್ಲಿಸಲೇ? ಮುಂದೆ ಇಂದಿನ ಛಾಯಾಗ್ರಾಹಕರ ಚಿತ್ರಗಳೂ ಬರಲಿವೆ.

ಕತ್ತಲೆಕೋಣೆ:
ನಿಲ್ಲಿಸಿಯೇ ಹಾಕಿ. ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ, ಇವತ್ತು ಹಂಪಿಗೆ ಹೋದರೆ ಅದಿಲ್ಲ. ಕತ್ತರಿಸುವಾಗ ಗೋಪುರದ ತುದಿ ಹೋದರೆ ಚಿತ್ರದ ಬೆಲೆಯೇ ಹೋದಂತೆ.

1856ರ ಚಿತ್ರಕ್ಕೆ ಕಾಪಿರೈಟ್ ಉಳಿದಿಲ್ಲ. ಆದರೂ ಸ್ಕ್ಯಾನ್ ಕೊಟ್ಟ ಸಂಸ್ಥೆಯ ಷರತ್ತು ಓದಿ, ಮಾರಾಟಕ್ಕೆ ಬೇರೆ ನಿಯಮ ಇರಬಹುದು. ಇಂದಿನವರದ್ದಾದರೆ ಲಿಖಿತ ಒಪ್ಪಿಗೆ ಬೇಕು: ಯಾವ ವಸ್ತು, ಎಷ್ಟು ಪ್ರತಿ, ಹೇಗೆ ಕತ್ತರಿಸುತ್ತೀರಿ. 3:2 ಚಿತ್ರವನ್ನು ಈ ಅಳತೆಗೆ ತರುವಾಗ ಕಾಲುಭಾಗಕ್ಕೂ ಹೆಚ್ಚು ಹೋಗುತ್ತದೆ. ಕತ್ತರಿಸಿದ ಮಾದರಿಯನ್ನೇ ಅವರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ.

ಮೇಲಿನ ವಾರ್ನಿಷ್ ಮ್ಯಾಟ್ (ಹೊಳಪಿಲ್ಲದ್ದು) ಇರಲಿ. ಹೊಳಪಿನ ಗ್ಲಾಸಿ ವಾರ್ನಿಷ್ ಹಾಕಿದರೆ ಟ್ಯೂಬ್‌ಲೈಟ್ ಪ್ರತಿಫಲಿಸಿ, ಇಷ್ಟು ಕಷ್ಟಪಟ್ಟು ತೆರೆದ ನೆರಳು ಮತ್ತೆ ಮುಚ್ಚಿಹೋಗುತ್ತದೆ.